ಎಂಜಿನ್ ಬಿಚ್ಚುವ ಮುಂಚೆ ಬಾಯಿ ಬಿಚ್ಚಿದವರು

ಎರ್ರಿಸ್ವಾಮಿಯ ಮಾರುತಿ 800ರ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಪ್ಯಾಕಿಂಗ್, ಹೋಗಿದೆ. ಇಷ್ಟು ತೀರ್ಮಾನ ಆಗೋಕೆ ನಮ್ಮ ಗುಂಪಿಗೆ ಒಗ್ಗರಣೆ, ಮಿರ್ಚಿ, ಚಹಾ ಮತ್ತು ಒಂದು ಸಣ್ಣ ಜಗಳ ಬೇಕಾಯಿತು.

ಮೊದಲು ಗುಂಪಿನ ವಿಚಾರ ಹೇಳಿಬಿಡುತ್ತೇನೆ. ಎರ್ರಿಸ್ವಾಮಿ ಹೈಸ್ಕೂಲ್ ಮೇಷ್ಟ್ರು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಅರ್ಧ ಮೆಕ್ಯಾನಿಕ್ ಆಗಿದ್ದಾನೆ, ಉಳಿದರ್ಧ ಬರುವ ಭಾನುವಾರ ಆಗಿಬಿಡುತ್ತೇನೆ ಅಂತ ನಂಬಿದ್ದಾನೆ. ಪಂಪಾಪತಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಗಾದಿಲಿಂಗನದು ಅಕ್ಕಿ-ಬೇಳೆ ಅಂಗಡಿ. ದಾದಾಪೀರ್ ಭಾಯಿ ಅದಿರು ಲಾರಿಗಳ ಭರಾಟೆಯ ಕಾಲದಲ್ಲಿ ಎಂಜಿನ್ ಇಳಿಸಿ ಹತ್ತಿಸಿದವರು, ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ನಮಗಿಂತ ದೊಡ್ಡವರು, ಅದಕ್ಕೆ ಅವರೊಬ್ಬರಿಗೆ ಬಹುವಚನ. ನಾನು ಲಿಸ್ಟ್ ಬರೆಯುವವನು. ನಿನ್ನ ಅಕ್ಷರ ದುಂಡಗಿದೆ ಅಂತ ಹೇಳುತ್ತಾರೆ. ನಿಜ ಏನಂದರೆ ನನ್ನ ಕೈಗೆ ಪಾನಾ ಕೊಡೋಕೆ ಯಾರಿಗೂ ಧೈರ್ಯ ಇಲ್ಲ.

ಒಂದು ಗ್ಯಾರೇಜಿನವನು ಪೂರ್ತಿ ಎಂಜಿನ್ ಇಳಿಸಬೇಕು ಅಂತ ಹೇಳಿ ಒಂದು ಮೊತ್ತ ಹೇಳಿದ್ದ. ಅದನ್ನು ಕೇಳಿದ ಮೇಲೆಯೇ ಎರ್ರಿಸ್ವಾಮಿಗೆ ಸ್ವಾವಲಂಬನೆ ನೆನಪಾಗಿದ್ದು.

“1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಮೊದಲನೇ ಮಾರುತಿಯ ಕೀಲಿ ಕೊಟ್ಟಾಗ ಇಡೀ ಕಾರಿನ ರೇಟು 47,500 ಅಂತೆ. ಇವನು ರಿಪೇರಿಗೇ ಅದರ ಹತ್ತಿರಕ್ಕೆ ಕೇಳ್ತಾನಲ್ಲಪ್ಪ!”

“ಹಂಗಾದ್ರೆ ಮಾರಿಬಿಡು,” ಅಂದ ಗಾದಿಲಿಂಗ. “2014ರಲ್ಲೇ ಕಂಪನಿಯವರು ಅದನ್ನ ಮಾಡೋದು ಬಿಟ್ಟರು. ನೀನು ಮಾತ್ರ ಬಿಡ್ತಿಲ್ಲ.”

“ಯಾಕೆ ಮಾರಲಿ? ಮೊನ್ನೆ ತಾನೇ ಆರ್‌ಸಿ ಐದು ವರ್ಷಕ್ಕೆ ರಿನ್ಯೂವಲ್ ಮಾಡಿಸಿದ್ದೀನಿ. ಮೂರೇ ಸಿಲಿಂಡರ್, 796 ಸಿಸಿ. ಅದರಲ್ಲಿ ಏನಿದೆ ಮಹಾ?”

ಈ ‘ಏನಿದೆ ಮಹಾ’ ಅನ್ನೋ ಮಾತು ಕೇಳಿದ ಕೂಡಲೇ ದಾದಾ ಭಾಯಿ ಚಹಾದ ಲೋಟ ಕೆಳಗಿಟ್ಟರು.

“ಗ್ಯಾಸ್ಕೆಟ್ಟೇ ಹೋಗಿದೆ ಅಂತ ಹೆಂಗೆ ಗೊತ್ತು ಮೇಷ್ಟ್ರೇ?”

“ಆಯಿಲ್ ಹಾಕೋ ಮುಚ್ಚಳ ತೆಗೆದರೆ ಒಳಗೆಲ್ಲ ಕೆನೆ ಥರ ಬೆಳ್ಳಗೆ ಮೆತ್ತಿಕೊಂಡಿದೆ.”

“ಅದು ಮಂಜಿಗೂ ಆಗುತ್ತೆ,” ಅಂತ ಗಾದಿಲಿಂಗ ಬಾಯಿ ಹಾಕಿದ. ಅವನೂ ವಿಡಿಯೊ ನೋಡುತ್ತಾನೆ, ಅದೇ ನಮ್ಮ ಕಷ್ಟ. “ಗಾಡಿ ಜಾಸ್ತಿ ದೂರ ಓಡಿಸದೇ ಇದ್ದರೆ ಎಂಜಿನ್ ಪೂರ್ತಿ ಬಿಸಿ ಆಗಲ್ಲ, ಒಳಗಿನ ತೇವ ಎಣ್ಣೆಗೆ ಸೇರಿ ಹಂಗೆ ಕಾಣುತ್ತೆ.”

“ಮಂಜು? ಬಳ್ಳಾರಿಯಲ್ಲಿ? ಏಪ್ರಿಲ್ ತಿಂಗಳಲ್ಲಿ?” ದಾದಾ ಭಾಯಿ ಕೇಳಿದ್ದು ಇಷ್ಟೇ. ಗಾದಿಲಿಂಗ ಮಿರ್ಚಿ ಕಡೆ ತಿರುಗಿದ.

ಆದರೆ ಮುಚ್ಚಳ ಒಂದನ್ನೇ ನಂಬಿ ಎಂಜಿನ್ ಬಿಚ್ಚಬಾರದು ಅಂತಲೂ ಅವರೇ ಹೇಳಿದರು. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿಸಿದರು. ನೀರಿನಲ್ಲಿ ಬುಳಬುಳ ಅಂತ ಗುಳ್ಳೆ. ನಿಲ್ಲಲೇ ಇಲ್ಲ. ಕೆಳಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ನೀರು ಮಾತ್ರ ಖಾಲಿ ಆಗುತ್ತಿದೆ. ಆಮೇಲೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಅವರ ಹಳೇ ಕಂಪ್ರೆಷನ್ ಗೇಜ್ ತಂದು, ಪ್ಲಗ್ ಬಿಚ್ಚಿ ಒಂದೊಂದೇ ಸಿಲಿಂಡರ್‌ಗೆ ಹಿಡಿದರು. ಮೊದಲನೇದು ಸರಿ ಇತ್ತು. ಎರಡು, ಮೂರು ಎರಡೂ ಕಮ್ಮಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ತೋರಿಸಿದರೆ, ಅವುಗಳ ನಡುವಿನ ಪ್ಯಾಕಿಂಗ್ ಮೇಲೆಯೇ ಮೊದಲ ಅನುಮಾನ.

“ಈಗ ಬರಿ,” ಅಂದರು ನನಗೆ.

ನಾನು ‘ಹೆಡ್ ಗ್ಯಾಸ್ಕೆಟ್’ ಅಂತ ಬರೆದು ಪೆನ್ನು ಕೆಳಗಿಟ್ಟೆ. ಲಿಸ್ಟ್ ಮುಗಿಯಿತು ಅಂತ ನನ್ನ ಲೆಕ್ಕ.

“ಗ್ಯಾಸ್ಕೆಟ್ ಸುಮ್ಸುಮ್ನೆ ಹೋಗಲ್ಲ,” ಅಂತ ದಾದಾ ಭಾಯಿ ಶುರು ಮಾಡಿದರು. “ಈ ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಹಿಗ್ಗೋದು ಹೆಚ್ಚುಕಮ್ಮಿ ಎರಡರಷ್ಟು. ಗಾಡಿ ಸಿಕ್ಕಾಪಟ್ಟೆ ಕಾದರೆ ಇಬ್ಬರ ಜಗಳದಲ್ಲಿ ನಡುವೆ ಇರೋ ಪ್ಯಾಕಿಂಗ್ ಸಾಯುತ್ತೆ. ಯಾಕೆ ಕಾಯ್ತು ಅಂತ ಹುಡುಕದೇ ಹೊಸದು ಹಾಕಿದರೆ ಅದೂ ಸಾಯುತ್ತೆ. ರೇಡಿಯೇಟರ್‌ಗೆ ಏನು ಹಾಕ್ತಿದ್ದೀರಿ ಮೇಷ್ಟ್ರೇ?”

“ನೀರು.”

“ಯಾವ ನೀರು?”

“ಬೋರಿಂದು.”

ಯಾರೂ ಮಾತಾಡಲಿಲ್ಲ. ನಮ್ಮ ಕಡೆ ಬೋರ್ ನೀರು ಹೆಂಗಿರುತ್ತೆ ಅಂತ ನಲ್ಲಿ ಮೂತಿ ನೋಡಿದವರಿಗೆ ಗೊತ್ತು. ಬಿಳೀ ಉಪ್ಪು ಕಟ್ಟಿ ಕಲ್ಲಾಗಿರುತ್ತೆ. ಅದೇ ಕಲ್ಲು ರೇಡಿಯೇಟರಿನ ಸಣ್ಣ ನಳಿಗೆಗಳ ಒಳಗೂ ಕೂತರೆ ಮೋತಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಮಟಮಟ ಮಧ್ಯಾಹ್ನ ನಿಂತ ಗಾಡಿಯ ಗತಿ ಏನು? ಅದಕ್ಕೆ ಲಿಸ್ಟ್ ಉದ್ದ ಆಯಿತು. ಥರ್ಮೋಸ್ಟಾಟ್, ವಾಟರ್ ಪಂಪ್, ರೇಡಿಯೇಟರ್ ಕ್ಯಾಪ್, ಹೋಸ್ ಪೈಪು, ಕ್ಲಿಪ್ಪು. ಕೂಲಂಟ್, ಬೆರೆಸೋಕೆ ಡಿಸ್ಟಿಲ್ಡ್ ವಾಟರ್. ಹೆಂಗಿದ್ದರೂ ಅಷ್ಟು ಬಿಚ್ಚುತ್ತೀವಿ ಅಂತ ಟೈಮಿಂಗ್ ಬೆಲ್ಟ್, ವಾಲ್ವ್ ಆಯಿಲ್ ಸೀಲ್. ನೀರು ಸೇರಿದ ಎಣ್ಣೆ ಮತ್ತೆ ಹಾಕೋ ಹಾಗಿಲ್ಲ, ಅದಕ್ಕೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್. ಎರ್ರಿಸ್ವಾಮಿಯ ಮುಖ ಸಣ್ಣದಾಗುತ್ತಾ ಹೋಯಿತು.

“ಹೆಡ್ ಬೋಲ್ಟ್ ಹಳೇದೇ ಹಾಕಬಹುದಲ್ವಾ?”

“ಉದ್ದ ಎಳೆದುಕೊಂಡಿದ್ದರೆ ಹಾಕಬಾರದು. ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಸೆಟ್ ತಂದಿಟ್ಟಿರಿ, ಬೇಡ ಅಂದರೆ ವಾಪಸ್ ಕೊಡೋಣ.”

“ಹಳೇ ಪ್ಯಾಕಿಂಗಿಗೇ ಸಿಲಿಕಾನ್ ಪೇಸ್ಟ್ ಬಳಿದು…”

ದಾದಾ ಭಾಯಿ ಎದ್ದು ಚಪ್ಪಲಿ ಹಾಕಿಕೊಳ್ಳೋಕೆ ಶುರು ಮಾಡಿದರು. ಕೈ ಹಿಡಿದು ಕೂರಿಸಬೇಕಾಯಿತು.

ಸಾಮಾನು ಮುಗಿದ ಮೇಲೆ ಹತ್ಯಾರದ ಸರದಿ. ಇಲ್ಲಿ ನೋಡಿ, ಎಲ್ಲರಿಗೂ ಒಮ್ಮೆಲೇ ಉದಾರ ಬುದ್ಧಿ ಬಂತು. ಗಾದಿಲಿಂಗ ಬೋರ್ ಪೈಪ್ ಬಿಚ್ಚುವ ದೊಡ್ಡ ಪೈಪ್ ರೆಂಚ್ ಕೊಡುತ್ತೇನೆ ಅಂದ. ಪಂಪಾಪತಿ ಹೊಲಿಗೆ ಮಷಿನ್ನಿನ ಸ್ಕ್ರೂಡ್ರೈವರ್ ಕೊಡುತ್ತೇನೆ ಅಂದ. ಒಂದು ಆನೆಗೆ, ಒಂದು ಇರುವೆಗೆ. ಕಾರಿಗೆ ಆಗೋದು ಯಾರ ಹತ್ತಿರವೂ ಇಲ್ಲ. ಎರ್ರಿಸ್ವಾಮಿ ಮನೆಯಲ್ಲಿ ಒಂದು ಸ್ಕ್ರೂ ಪಾನಾ ಇದೆಯಂತೆ, ಗ್ಯಾಸ್ ಸಿಲಿಂಡರಿನಿಂದ ಸೈಕಲ್‌ವರೆಗೆ ಎಲ್ಲಾ ಅದರಲ್ಲೇ ಅಂತೆ.

“ಸ್ಕ್ರೂ ಪಾನಾ ಹಾಕಿದರೆ ಬೋಲ್ಟಿನ ಆರು ಮೂಲೆ ಸವೆದು ಗುಂಡಗಾಗುತ್ತೆ. ಆಮೇಲೆ ಅದನ್ನ ತೆಗೆಯೋಕೆ ವೆಲ್ಡಿಂಗ್‌ನವನು ಬೇಕು,” ಅಂದರು ದಾದಾ ಭಾಯಿ. “ಬರಿ. ರಿಂಗ್ ಪಾನಾ, ಗೋಟಿ ಪಾನಾ ಅಂದರೆ ಸಾಕೆಟ್. 8, 10, 12, 14, 17 ಎಂಎಂ. ಈ ಗಾಡಿಗೆ ಹೆಚ್ಚು ಬೇಕಾಗೋದು ಇವೇ. ಗೋಟಿಗೆ ಉದ್ದ ಎಕ್ಸ್‌ಟೆನ್ಷನ್. ತುಕ್ಕು ಬಿಡಿಸೋ ಸ್ಪ್ರೇ. ಎಕ್ಸಾಸ್ಟ್ ಬೋಲ್ಟಿಗೆ ಅದನ್ನ ಶನಿವಾರ ರಾತ್ರಿನೇ ಹೊಡೆದಿಡಬೇಕು, ಭಾನುವಾರ ಬೆಳಗ್ಗೆ ಹೊಡೆದು ಐದು ನಿಮಿಷಕ್ಕೆ ಪಾನಾ ಹಾಕಿದರೆ ಬೋಲ್ಟ್ ಕಟ್ ಆಗಿ ಕೈಗೆ ಬರುತ್ತೆ.”

ಗಾಡಿ ಎತ್ತಿ ಕೆಳಗೆ ನುಗ್ಗೋಕೆ ಪಂಪಾಪತಿ ಇಟ್ಟಿಗೆ ತರುತ್ತೇನೆ ಅಂದ. ಇದಕ್ಕೆ ಮಾತ್ರ ದಾದಾ ಭಾಯಿ ನಗಲಿಲ್ಲ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋಕಲ್ಲ. ಇಟ್ಟಿಗೆ ಒಡೆಯುವಾಗ ಮುಂಚೆ ಹೇಳಿ ಒಡೆಯಲ್ಲ. ಕಬ್ಬಿಣದ ಸ್ಟ್ಯಾಂಡ್ ತಮ್ಮ ಅಂಗಡಿಯಿಂದ ತರುತ್ತಾರಂತೆ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಬೇಕು ಅಂತಲೂ ಬರೆಸಿದರು. ಸರಿ, ಮುಂದೆ.

ಟಾರ್ಕ್ ರೆಂಚ್ ವಿಷಯದಲ್ಲಿ ಅರ್ಧ ಸಂಜೆ ಹೋಯಿತು. ಹೆಡ್ ಬೋಲ್ಟನ್ನು ಮ್ಯಾನ್ಯುವಲ್ ಹೇಳಿದಷ್ಟೇ ಬಿಗಿ ಮಾಡಬೇಕು, ಕಮ್ಮಿ ಆದರೆ ಸೋರುತ್ತೆ, ಜಾಸ್ತಿ ಆದರೆ ಬೋಲ್ಟ್ ಹೋಗುತ್ತೆ ಇಲ್ಲಾ ಹೆಡ್ ಸೊಟ್ಟ ಆಗುತ್ತೆ. ಅಳೆದು ಬಿಗಿ ಮಾಡುವ ಪಾನಾನೇ ಟಾರ್ಕ್ ರೆಂಚ್. ರೇಟ್ ಕೇಳಿದ ಗಾದಿಲಿಂಗ ಹೌಹಾರಿದ.

“ಬಿಗಿ ಮಾಡೋಕೂ ಅಳತೆನಾ? ಕೈಗೆ ಗೊತ್ತಾಗಲ್ವಾ?”

“ನೀನು ಅಕ್ಕಿ ಕೈಯಲ್ಲೇ ತೂಗಿ ಕೊಡ್ತೀಯಾ?”

ಈ ಮಾತಿಗೆ ಗಾದಿಲಿಂಗನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ತಲೆ ಓಡಿತು. “ದಾದಾ ಭಾಯಿ, ಮ್ಯಾನ್ಯುವಲ್‌ನಲ್ಲಿ ಲೆಕ್ಕ ಹೆಂಗೆ ಬರೆದಿರ್ತಾರೆ?”

“ಕೆಜಿ-ಮೀಟರ್ ಅಂತ. ಇಲ್ಲಾ ನ್ಯೂಟನ್ ಮೀಟರ್.”

“ಅಂದರೆ 6 ಕೆಜಿ-ಮೀಟರ್ ಅಂತಿದ್ದರೆ, ಒಂದು ಮೀಟರ್ ಉದ್ದದ ಪೈಪ್ ಪಾನಾಗೆ ಹಾಕಿ, ತುದಿಗೆ ನನ್ನ ಸ್ಪ್ರಿಂಗ್ ತಕ್ಕಡಿ ಸಿಗಿಸಿ, 6 ಕೆಜಿ ತೋರಿಸೋವರೆಗೆ ಎಳೆದರೆ ಆಯ್ತಲ್ಲ!”

ನಾವೆಲ್ಲ ದಾದಾ ಭಾಯಿ ಮುಖ ನೋಡಿದೆವು, ಬೈತಾರೆ ಅಂತ. ಅವರು ತುಂಬಾ ಹೊತ್ತು ಯೋಚನೆ ಮಾಡಿ, “ಲೆಕ್ಕ ಸರಿ ಇದೆ” ಅಂದರು. ಗಾದಿಲಿಂಗ ಎದೆ ಉಬ್ಬಿಸಿ ಇನ್ನೊಂದು ಮಿರ್ಚಿ ತಗೊಂಡ. “ಪೈಪಿಗೆ ನೇರ ಅಡ್ಡಕ್ಕೆ ಎಳೀಬೇಕು, ಓರೆ ಎಳೆದರೆ ಲೆಕ್ಕ ತಪ್ಪುತ್ತೆ. ಒಂದು ಮೀಟರ್ ಅಳೆಯೋದು ಬೋಲ್ಟಿನ ನಡುವಿನಿಂದ. ಆದರೆ ಬಾನೆಟ್ ಒಳಗೆ ಒಂದು ಮೀಟರ್ ಪೈಪ್ ತಿರುಗಿಸೋಕೆ ಜಾಗ ಎಲ್ಲಿದೆ? ಗಾಜು ಒಡೆಯುತ್ತೆ.”

ಅರ್ಧ ಮೀಟರ್ ಪೈಪು, 12 ಕೆಜಿ ಅಂತ ಗಾದಿಲಿಂಗ ತಕ್ಷಣ ಪರಿಹಾರ ಕೊಟ್ಟ. ವ್ಯಾಪಾರಿ ಲೆಕ್ಕ! ಎರ್ರಿಸ್ವಾಮಿಗೆ ಇದು ಸಹಿಸಲಿಲ್ಲ, ಗಣಿತದ ಮೇಷ್ಟ್ರು ಅವನಲ್ವಾ. ಹಾಗಾಗಿ ಅವನು ಘಟಕಗಳ ಪಾಠ ಶುರು ಮಾಡಿದ. 6 ಕೆಜಿ-ಮೀಟರ್ ಅಂದರೆ 59 ನ್ಯೂಟನ್ ಮೀಟರ್, ಕೆಲವು ರೆಂಚುಗಳ ಮೇಲೆ ಫೂಟ್-ಪೌಂಡ್ ಗೆರೆಯೂ ಇರುತ್ತೆ, ಆ 59 ಅನ್ನೋ ಅಂಕಿಯನ್ನು ಆ ಗೆರೆಯಲ್ಲಿ ಓದಿದರೆ 80 ನ್ಯೂಟನ್ ಮೀಟರ್ ಆಗಿಬಿಡುತ್ತೆ, ಬೋಲ್ಟ್ ಕಟ್! ಪಾಠ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಪಂಪಾಪತಿ ಮಾತ್ರ ಕೂತಲ್ಲೇ ನಿದ್ದೆ ಹೋದ.

ಕೊನೆಗೆ ದಾದಾ ಭಾಯಿಯೇ ಪರಿಚಯದವರ ಹತ್ತಿರ ಟಾರ್ಕ್ ರೆಂಚ್ ಒಂದು ದಿನಕ್ಕೆ ಕೇಳಿ ತರುತ್ತೇನೆ ಅಂದರು. ನನ್ನ ಅಭಿಪ್ರಾಯ ಕೇಳಿದರೆ, ಕಾರು ಮನೆಯಲ್ಲಿ ಬಿಚ್ಚುವವರು ಪಾನಾ ಸೆಟ್ ಕೊಳ್ಳಲಿ, ಟಾರ್ಕ್ ರೆಂಚ್ ಬಾಡಿಗೆಗೋ ಕಡವಾಗಿಯೋ ತರಲಿ. ವರ್ಷಕ್ಕೊಮ್ಮೆಯೂ ಬೇಕಾಗದ ಸಾಮಾನು ಅಟ್ಟದ ಮೇಲೆ ಕೂರೋದೇ ಜಾಸ್ತಿ. ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ, ಅದು ಬೇರೆ ಮಾತು.

ಪಂಪಾಪತಿ ಎಚ್ಚರ ಆದವನೇ ಒರೆಸೋಕೆ ಬಟ್ಟೆ ನನ್ನದು ಅಂತ ಘೋಷಿಸಿದ. ಜೀನ್ಸ್ ಕಟಿಂಗ್ ಪೀಸ್, ಒಂದು ಗೋಣಿಚೀಲ. ಬಳ್ಳಾರಿಯಲ್ಲಿ ಇದಕ್ಕೆ ಬರ ಇಲ್ಲ. ದಾದಾ ಭಾಯಿ ಒಂದು ತುಂಡು ಕೈಗೆ ತಗೊಂಡು, ಕತ್ತರಿಸಿದ ಅಂಚಿನಿಂದ ಒಂದು ನೀಲಿ ಎಳೆ ಹಿಡಿದು ಎಳೆದರು. ಬಂತು. ಇನ್ನೊಂದು ಬಂತು. “ಇಂಥ ಒಂದು ಎಳೆ ಆಯಿಲ್ ತೂತಿಗೆ ಸೇರಿದರೆ ಎಣ್ಣೆ ಹತ್ತಲ್ಲ. ಇದು ಕೈ ಒರೆಸೋಕೆ, ನೆಲಕ್ಕೆ ಹಾಸೋಕೆ. ಎಂಜಿನ್ ಒಳಗೆ ಮುಟ್ಟಿಸೋಕೆ ಹಳೇ ಬನಿಯನ್ ತಾ, ಒಗೆದಿದ್ದು.” ಪಂಪಾಪತಿಗೆ ಬೇಜಾರಾಯಿತು. ರಫ್ತು ಕ್ವಾಲಿಟಿ ಬಟ್ಟೆ ಕಣಣ್ಣ ಅಂತ ಗೊಣಗಿದ. ಆದರೂ ಅವನ ಯೂನಿಟ್ಟಿನ ದೊಡ್ಡ ರಟ್ಟಿನ ಡಬ್ಬಕ್ಕೆ ಮರ್ಯಾದೆ ಸಿಕ್ಕಿತು. ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿತ್ತೋ ಅಲ್ಲೇ ತೂತು ಮಾಡಿ ಸಿಗಿಸಿಡೋದು. ಉದ್ದ ಯಾವುದು, ಗಿಡ್ಡ ಯಾವುದು ಅಂತ ಆಮೇಲೆ ಪಂಚಾಯ್ತಿ ಇರಲ್ಲ. ಚಿತ್ರ ಬರೆಯೋದು ನಾನಂತೆ. ದುಂಡಗಿನ ಅಕ್ಷರದ ಫಲ.

“ಬಿಚ್ಚೋಕೆ ಮುಂಚೆ ಎಂಜಿನ್ ತೊಳೀಬೇಕು,” ಅಂತ ದಾದಾ ಭಾಯಿ ನೆನಪು ಮಾಡಿದರು. “ಮೇಷ್ಟ್ರು ತಿಂಗಳಿಗೊಮ್ಮೆ ಸಂಡೂರಿಗೆ ಹೋಗ್ತಾರೆ. ಏರ್ ಫಿಲ್ಟರ್ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ. ಆ ಅದಿರು ಧೂಳು ಸಿಲಿಂಡರ್ ಒಳಗೆ ಬಿದ್ದರೆ ಉಜ್ಜಿ ಗೆರೆ ಹಾಕುತ್ತೆ.”

ಅದಕ್ಕೆ ಅವರ ಕಂಪ್ರೆಸರ್ ಬೇಕು. ಗಾಳಿಗೆ ಇನ್ನೊಂದು ಕೆಲಸವೂ ಇದೆಯಂತೆ. ಹೆಡ್ ಬೋಲ್ಟ್ ಕೂರುವ ತೂತು ತಳ ಮುಚ್ಚಿದ್ದಾಗಿದ್ದು ಒಳಗೆ ನೀರೋ ಎಣ್ಣೆಯೋ ನಿಂತಿದ್ದರೆ, ಬೋಲ್ಟ್ ಬಿಗಿ ಮಾಡುವಾಗ ಅದು ಹೋಗೋಕೆ ದಾರಿ ಇಲ್ಲದೆ ಬ್ಲಾಕನ್ನೇ ಸೀಳಬಹುದು. ಗಾಳಿ ಹೊಡೆದು ಒಣಗಿಸಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಇದನ್ನು ಹೇಳಿದಾಗ ಎರ್ರಿಸ್ವಾಮಿ ಮೊಬೈಲ್ ತೆಗೆದು, ವಿಡಿಯೊದವನು ಇದನ್ನ ಹೇಳೇ ಇಲ್ಲ ಅಂತ ಅವನ ಮೇಲೆ ಸಿಟ್ಟು ಮಾಡಿಕೊಂಡ.

ಎಲ್ಲಾ ಬರೆದಾಯಿತು. ಎರಡು ಹಾಳೆ ತುಂಬಿತು.

“ಭಾನುವಾರ ಬೆಳಗ್ಗೆ ಶುರು, ಸಂಜೆಗೆ ಸ್ಟಾರ್ಟ್. ಸೋಮವಾರ ಅಮಾವಾಸ್ಯೆ, ನಮ್ಮ ಅತ್ತೆಯವರನ್ನ ಚೆಳ್ಳಗುರ್ಕಿ ಎರ್ರಿತಾತನ ಗುಡಿಗೆ ಕರಕೊಂಡು ಹೋಗ್ತೀನಿ ಅಂತ ಹೇಳಿಬಿಟ್ಟಿದ್ದೀನಿ,” ಅಂದ ಎರ್ರಿಸ್ವಾಮಿ, ಖುಷಿಯಾಗಿ.

“ಸೋಮವಾರ?” ದಾದಾ ಭಾಯಿ ಮೆಲ್ಲಗೆ ಕೇಳಿದರು. “ಭಾನುವಾರ ಹೆಡ್ ಇಳಿಯುತ್ತೆ. ಅದರ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್, ಅಂದರೆ ಸಂದು ಅಳೆಯೋ ತೆಳು ತಗಡು, ತೂರಿಸಿ ನೋಡಬೇಕು. 0.05 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಇದ್ದರೆ ಸೊಟ್ಟ ಆಗಿದೆ ಅಂತ ಲೆಕ್ಕ, ಲೇತ್‌ಗೆ ಕೊಟ್ಟು ಫೇಸಿಂಗ್ ಹೊಡೆಸಿ ಮಟ್ಟ ಮಾಡಿಸಬೇಕು. ಭಾನುವಾರ ಲೇತ್ ರಜಾ. ಸೋಮವಾರ ಅಮಾವಾಸ್ಯೆ, ಅವನು ಪೂಜೆ ಮಾಡಿ ಬೀಗ ಹಾಕ್ತಾನೆ. ಮಂಗಳವಾರ ಕೊಟ್ಟರೆ ಗುರುವಾರ.”

“ಹಂಗಾದ್ರೆ ಅತ್ತೆ?”

“ಬಸ್ ಇದೆಯಲ್ಲ.”

ಎರ್ರಿಸ್ವಾಮಿ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದ. ಈ ವಿಷಯ ಅವನ ಮನೆಗೆ ಹೋಗಿ ಹೇಳುವವರು ಯಾರು ಅನ್ನೋದು ಲಿಸ್ಟಿನಲ್ಲಿ ಬರೆದಿರಲಿಲ್ಲ. ಗಾದಿಲಿಂಗನಿಗೆ ಅಂಗಡಿ ನೆನಪಾಯಿತು. ಪಂಪಾಪತಿಗೆ ನೈಟ್ ಶಿಫ್ಟ್ ನೆನಪಾಯಿತು. ದಾದಾ ಭಾಯಿ ಆಗಲೇ ಚಪ್ಪಲಿ ಹಾಕಿಕೊಂಡಿದ್ದರು.

“ನೀನೇ ಹೇಳು,” ಅಂತ ಎರ್ರಿಸ್ವಾಮಿ ನನ್ನ ಕಡೆ ತಿರುಗಿದ. “ನೀನು ಚೆನ್ನಾಗಿ ಬರೀತೀಯ.”

“ಬರೀತೀನಿ. ಚೀಟಿ ಕೊಡೋಕೆ ಮಾತ್ರ ನೀನೇ ಹೋಗಬೇಕು,” ಅಂದೆ.