ಲೋವರಿಂಗ್ ಸ್ಪ್ರಿಂಗ್: ಮನೆಯಲ್ಲೇ ಹಾಕಿಕೊಳ್ಳೋದಾ, ಗ್ಯಾರೇಜಿಗೆ ಕೊಡೋದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಸ್ವಿಫ್ಟ್, 62,000 ಕಿ.ಮೀ. ಓಡಿದೆ. ಶಾಕ್ ಅಬ್ಸಾರ್ಬರ್ ಕಂಪನಿಯವೇ, ಇದುವರೆಗೆ ಬದಲಿಸಿಲ್ಲ. 35 ಎಂಎಂ ಇಳಿಸುವ ಸ್ಪ್ರಿಂಗ್ ಸೆಟ್ ತಗೊಳ್ಳಬೇಕು ಅಂತಿದ್ದೇನೆ. ಟ್ರಾಲಿ ಜಾಕ್, ಎರಡು ಆಕ್ಸಲ್ ಸ್ಟ್ಯಾಂಡ್, ಸಾಕೆಟ್ ಸೆಟ್ ಇವೆ. ಬ್ರೇಕ್ ಪ್ಯಾಡ್ ನಾನೇ ಹಾಕಿಕೊಳ್ಳುತ್ತೇನೆ. ಕೊಕ್ಕೆಯ ಸ್ಪ್ರಿಂಗ್ ಕಂಪ್ರೆಸರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ನಾನೇ ಮಾಡಬಹುದಾ, ಇಲ್ಲ ಗ್ಯಾರೇಜಿಗೆ ಕೊಡಲಾ? ಕೆಲಸ ಗೊತ್ತಿರುವವರು ಹೇಳಿ ಸರ್.

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್)

ಸರ್, ಇದನ್ನು ಒಂದೇ ಕೆಲಸ ಅಂದುಕೊಳ್ಳಬೇಡಿ. ಹಿಂದಿನದು ಬೇರೆ, ಮುಂದಿನದು ಬೇರೆ. ಬ್ರೇಕ್ ಪ್ಯಾಡ್ ಹಾಕುವಷ್ಟು ಕೈ ಪಳಗಿದ್ದರೆ ಹಿಂದಿನದನ್ನು ಧೈರ್ಯವಾಗಿ ಮಾಡಿ. ಮುಂದೆ ಮಾತ್ರ ಒಂದೇ ಒಂದು ಹಂತ ಅಪಾಯದ್ದು: ಕಂಪನಿ ಸ್ಪ್ರಿಂಗನ್ನು ಒತ್ತಿ ಹಿಡಿದು ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಮುಂದಿನ ಜೋಡಣೆ) ಮೇಲಿನ ನಟ್ ಬಿಚ್ಚೋದು. ಅಷ್ಟನ್ನು ಮಾತ್ರ ಹೊರಗೆ ಕೊಡಿ.

ಅಪಾಯ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ ಮುಂದಿನ ಸ್ಪ್ರಿಂಗ್ ಒಂದು ಎಂಎಂ ಕುಗ್ಗಲು ಸುಮಾರು 20 ನ್ಯೂಟನ್ ಬಲ ಬೇಕು ಅಂತಿಟ್ಟುಕೊಳ್ಳಿ. ಅದನ್ನು 100 ಎಂಎಂ ಒತ್ತಿದರೆ 2,000 ನ್ಯೂಟನ್, ಅಂದರೆ ಎರಡು ಕ್ವಿಂಟಾಲ್ ಭಾರ ನಿಮ್ಮ ಮುಖದ ಮುಂದೆ ಎರಡು ಕೊಕ್ಕೆಗಳ ಮೇಲೆ ನಿಂತಿರುತ್ತದೆ. ಒಂದು ಕೊಕ್ಕೆ ಜಾರಿದರೆ 10 ಕೆ.ಜಿ. ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಶಕ್ತಿ ಒಂದೇ ಏಟಿಗೆ ಹೊರಬರುತ್ತದೆ. ಹಲವು ಅಗ್ಗದ ಕಂಪ್ರೆಸರ್‌ಗಳಲ್ಲಿ ಕೊಕ್ಕೆಗೆ ಸೇಫ್ಟಿ ಪಿನ್ನೇ ಇರೋದಿಲ್ಲ, ಥ್ರೆಡ್ಡೂ ಬೇಗ ಸವೆಯುತ್ತದೆ. ಗ್ಯಾರೇಜಿನಲ್ಲಿ ಗೋಡೆಗೋ ನೆಲಕ್ಕೋ ಬಿಗಿದ ಕಂಪ್ರೆಸರ್ ಇರುತ್ತದೆ. ಸ್ಟ್ರಟ್ ಬಿಚ್ಚಿಕೊಂಡು ಹೋದರೆ ಒಂದಕ್ಕೆ ಹದಿನೈದು ನಿಮಿಷದ ಕೆಲಸ. ಕೂಲಿಯೂ ಅಷ್ಟಕ್ಕೇ.

ನಿಮ್ಮ ಗಾಡಿಗೆ ಇನ್ನೂ ಒಳ್ಳೆಯ ದಾರಿ ಇದೆ. 62,000 ಓಡಿದ ಶಾಕ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಗಾಡಿ ಕುಣಿಯುತ್ತದೆ, ಆರು ತಿಂಗಳಲ್ಲಿ ಆಯಿಲ್ ಸೋರಿದರೂ ಆಶ್ಚರ್ಯವಿಲ್ಲ. ಹೇಗೂ ಬದಲಿಸಬೇಕಾದ್ದೇ. ಹಾಗಾಗಿ ಮುಂದಕ್ಕೆ ಎರಡು ಹೊಸ ಶಾಕ್, ಎರಡು ಮೌಂಟ್, ಎರಡು ಬೇರಿಂಗ್, ಸ್ಪ್ರಿಂಗ್ ಸೀಟ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ತುಂಡು), ಧೂಳಿನ ಬೂಟ್, ಜೊತೆಗೆ ಹೊಸ ಲಾಕ್ ನಟ್‌ಗಳನ್ನು ತಗೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಕಾರನ್ನು ಮುಟ್ಟುವ ಮೊದಲೇ ಇವನ್ನೆಲ್ಲ ಗ್ಯಾರೇಜಿಗೆ ಒಯ್ದು ಲೋವರಿಂಗ್ ಸ್ಪ್ರಿಂಗ್ ಜೊತೆ ಜೋಡಿಸಿಸಿ. ಲೋವರಿಂಗ್ ಸ್ಪ್ರಿಂಗ್ ಗಿಡ್ಡ, ಅದನ್ನು ಹೆಚ್ಚು ಒತ್ತಬೇಕಾಗಿಲ್ಲ. ಮನೆಯಲ್ಲಿ ಹಳೆಯ ಸ್ಟ್ರಟ್ ಇಡಿಯಾಗಿ ಹೊರಗೆ, ಹೊಸದು ಇಡಿಯಾಗಿ ಒಳಗೆ. ಹಳೆಯ ಸ್ಪ್ರಿಂಗ್ ಬಿಚ್ಚುವ ಪ್ರಶ್ನೆಯೇ ಬರೋದಿಲ್ಲ. ನಾಳೆ ಗಾಡಿ ಮಾರುವಾಗ ಕಂಪನಿ ಎತ್ತರಕ್ಕೆ ತರಬೇಕಾದರೂ ಅದು ಹಾಗೇ ಎತ್ತಿಟ್ಟಿರುತ್ತದೆ.

ಪ್ರಶ್ನೆ ಕೇಳಿದವರು

ಇದು ಹೊಳೆದೇ ಇರಲಿಲ್ಲ ಸರ್. ಸ್ಟ್ರಟ್ ಬಿಚ್ಚುವಾಗ ಎಲ್ಲಿ ಎಡವುತ್ತಾರೆ? ಹಿಂದಿನದಕ್ಕೆ ಕಂಪ್ರೆಸರ್ ಬೇಡವೇ ಬೇಡವಾ?

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್)

ಮೊದಲು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳತೆ ಬರೆದಿಟ್ಟುಕೊಳ್ಳಿ. ಇದು ಬೇಕೇ ಬೇಕು. ಚಕ್ರದ ನಟ್ಟು ನೆಲದ ಮೇಲೇ ಸಡಿಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ.

ಮುಂದೆ ಬ್ರೇಕ್ ಹೋಸ್ ಹಿಡಿಕೆ ಮತ್ತು ಎಬಿಎಸ್ ವೈರ್ ಕ್ಲಿಪ್ ಬಿಡಿಸಿ. ಸ್ಟೆಬಿಲೈಜರ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿ) ಲಿಂಕನ್ನು ಎರಡೂ ಕಡೆ ಒಟ್ಟಿಗೆ ಬಿಚ್ಚಿ. ಒಂದೇ ಕಡೆ ಬಿಚ್ಚಿದರೆ ಬಾರ್ ತಿರುಚಿಕೊಂಡು ನಿಂತು, ಮತ್ತೆ ಕೂರಿಸುವಾಗ ಬೋಲ್ಟು ತೂತಿಗೆ ಬರೋದೇ ಇಲ್ಲ. ನಕಲ್‌ನ (ಚಕ್ರದ ಹಬ್ ಹಿಡಿದಿರುವ ಭಾಗ) ಎರಡು ಬೋಲ್ಟ್ ಬಿಚ್ಚುವ ಮೊದಲು ಸ್ಟ್ರಟ್ ಕೂತ ಜಾಗಕ್ಕೆ ಪೇಂಟ್‌ನಲ್ಲಿ ಗೆರೆ ಎಳೆಯಿರಿ. ಕೊನೆಯ ಬೋಲ್ಟ್ ಎಳೆಯುವಾಗ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ಹಾಗೇ ಬಿಟ್ಟರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಎಳೆದುಕೊಂಡು ಕಳಚುತ್ತದೆ, ಬ್ರೇಕ್ ಹೋಸ್ ಮೇಲೂ ಭಾರ ಬೀಳುತ್ತದೆ. ಮೊದಲೇ ನಕಲನ್ನು ತಂತಿಯಲ್ಲಿ ಕಾರಿನ ಬಾಡಿಯ ಜೊತೆ ಸೇರಿಸಿ ಕಟ್ಟಿಡಿ. ಮನೆಯಲ್ಲಿ ಮಾಡಿಕೊಂಡು ಕೆಟ್ಟ ಕೆಲಸಗಳಲ್ಲಿ ಅರ್ಧ ಇಲ್ಲೇ ಕೆಡೋದು.

ಬಾನೆಟ್ ಒಳಗೆ ಸ್ಟ್ರಟ್ ಹೇಗೆ ಬಿಗಿದಿದೆ ಅಂತ ಸರ್ವಿಸ್ ಮ್ಯಾನುಯಲ್ ನೋಡಿಕೊಂಡೇ ಸ್ಪ್ಯಾನರ್ ಹಾಕಿ. ಮೌಂಟ್ ಸುತ್ತ ಎರಡು ಮೂರು ನಟ್ಟುಗಳಲ್ಲಿ ನಿಲ್ಲುವ ಗಾಡಿಗಳಲ್ಲಿ ನಡುವಿನ ದೊಡ್ಡ ನಟ್ ಮುಟ್ಟಲೇಬಾರದು. ಸ್ಪ್ರಿಂಗ್ ಹಿಡಿದಿಟ್ಟಿರುವುದೇ ಅದು. ಗ್ಯಾರೇಜಿನಲ್ಲಿ ಜೋಡಿಸುವಾಗಲೂ ಪಕ್ಕದಲ್ಲಿ ನಿಂತು ನೋಡಿ: ಆ ನಟ್ಟನ್ನು ಏರ್ ಗನ್‌ನಲ್ಲಿ ಬಿಗಿದರೆ ಒಳಗಿನ ರಾಡ್ ಗಿರಗಿರ ತಿರುಗಿ ಸೀಲ್ ಹಾಳಾಗುತ್ತದೆ. ರಾಡ್ ತಲೆಗೆ ಅಲೆನ್ ಕೀ ಕೊಟ್ಟು ಹಿಡಿದು, ರಿಂಗ್ ಸ್ಪ್ಯಾನರ್‌ನಲ್ಲಿ ಬಿಗಿಯಬೇಕು. ರಾಡನ್ನು ಇಕ್ಕಳದಲ್ಲಿ ಹಿಡಿದರೆ ಗೀರು ಬಿದ್ದು ಅಲ್ಲಿಂದಲೇ ಸೋರಲು ಶುರು. ಸ್ಪ್ರಿಂಗ್ ಮೇಲಿನ ಅಕ್ಷರ ನೇರವಾಗಿ ಓದುವಂತಿರಬೇಕು, ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಬಂಪ್ ಸ್ಟಾಪ್ ಕತ್ತರಿಸಬೇಕೆಂದು ಸ್ಪ್ರಿಂಗ್ ಸೆಟ್ಟಿನ ಚೀಟಿಯಲ್ಲಿ ಇದ್ದರೆ ಅಷ್ಟೇ ಕತ್ತರಿಸಿ, ಇಲ್ಲದಿದ್ದರೆ ಮುಟ್ಟಬೇಡಿ.

ಹಿಂದೆ ಕಂಪ್ರೆಸರ್ ಬೇಡ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಬೀಮ್ ಅಡಿಗೆ ಜಾಕ್ ಕೊಟ್ಟು ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗುವ ಮೊದಲೇ ಇಳಿಸೋದು ನಿಲ್ಲಿಸಿ. ರಬ್ಬರ್ ಸೀಟ್ ಬಿಡದೆ ಹಾಕಿ, ಇಲ್ಲದಿದ್ದರೆ ಪ್ರತಿ ಗುಂಡಿಗೂ ಟಕ್ ಟಕ್.

ಇನ್ನೊಂದನ್ನು ಗ್ಯಾರೇಜಿನವರೂ ಮರೆಯುತ್ತಾರೆ. ಮುಂದಿನ ಲೋವರ್ ಆರ್ಮ್, ಹಿಂದಿನ ಬೀಮ್ ಇವುಗಳ ಕೀಲಿನಲ್ಲಿರುವ ಬುಶ್ ರಬ್ಬರಿನದು. ಬೋಲ್ಟ್ ಬಿಗಿದ ಎತ್ತರದಲ್ಲೇ ಅದು ತಿರುಚದೆ ಇರುತ್ತದೆ. ಗಾಡಿ 35 ಎಂಎಂ ಇಳಿದ ಮೇಲೆ ಹಳೆಯ ಬಿಗಿತದಲ್ಲೇ ಬಿಟ್ಟರೆ ನಿಂತಲ್ಲೂ ರಬ್ಬರ್ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಈ ಬೋಲ್ಟ್‌ಗಳನ್ನು ಸಡಿಲಿಸಿ ಮತ್ತೆ ಬಿಗಿಯಿರಿ. ಎಲ್ಲಕ್ಕೂ ಟಾರ್ಕ್ ವ್ರೆಂಚ್, ಅಂಕಿ ಮ್ಯಾನುಯಲ್‌ನದು. ಮೊದಲ ಸಲ ಅಂದರೆ ಇಡೀ ದಿನ ಇಟ್ಟುಕೊಳ್ಳಿ.

ಇನ್ನೊಬ್ಬ ಸದಸ್ಯರು

ಅಷ್ಟೆಲ್ಲ ಯಾಕೆ, ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡ್ತಾರಲ್ಲ?

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್)

ದಯವಿಟ್ಟು ಬೇಡ. ಕೆಲಸ ಮಾಡುವ ಸುತ್ತು ಐದಿದ್ದು ನಾಲ್ಕಾದರೆ ಸ್ಪ್ರಿಂಗ್ ಶೇ. 25ರಷ್ಟು ಗಟ್ಟಿಯಾಗುತ್ತದೆ, ಶಾಕ್ ಮಾತ್ರ ಹಳೆಯದ್ದೇ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರೋದಿಲ್ಲ. ಗಾಡಿ ಎಗರಿ ಚಕ್ರ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪುತ್ತದೆ. ಗ್ಯಾಸ್‌ನಲ್ಲಿ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು, ಕಾದ ಜಾಗದ ಹದ ಹೋಗಿ ಅಲ್ಲೇ ಮುರಿಯುತ್ತದೆ.

ಉತ್ತರ (ವೀಲ್ ಅಲೈನ್‌ಮೆಂಟ್ ಮಾಡುವವರು)

ಮೇಲೆ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಗಾಡಿ ಇಳಿದರೆ ಟೋ (ಮೇಲಿಂದ ನೋಡಿದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುತ್ತದೆ, ಮುಂದಿನ ಚಕ್ರದ ತಲೆ ಒಳಕ್ಕೆ ವಾಲುತ್ತದೆ (ಈ ವಾಲಿಕೆಯೇ ಕ್ಯಾಂಬರ್). ಟೈರಿನ ಒಳಅಂಚು ತಿಂದುಹಾಕುವುದು ಹೆಚ್ಚಾಗಿ ಟೋ. ಹಾಗಾಗಿ ಕೆಲಸ ಮುಗಿದ ದಿನವೇ ನಿಧಾನಕ್ಕೆ ಓಡಿಸಿಕೊಂಡು ಅಲೈನ್‌ಮೆಂಟ್‌ಗೆ ಬನ್ನಿ. 300ರಿಂದ 500 ಕಿ.ಮೀ. ಆದ ಮೇಲೆ ಸ್ಪ್ರಿಂಗ್ ಕೂತಿರುತ್ತದೆ, ಆಗ ಇನ್ನೊಮ್ಮೆ ಅಲೈನ್‌ಮೆಂಟ್, ಜೊತೆಗೆ ಬೋಲ್ಟ್‌ಗಳ ಬಿಗಿತ ನೋಡಿಸಿ. ಎರಡು ಸಲವೂ ಪ್ರಿಂಟ್ ಕೇಳಿ ಪಡೆಯಿರಿ. ಕ್ಯಾಂಬರ್ ಎಡ ಬಲಕ್ಕೆ ತುಂಬ ಬೇರೆ ಬಂದರೆ ನಕಲ್ ಬೋಲ್ಟ್ ತೂತಿನ ಸಡಿಲದಲ್ಲೇ ಸ್ವಲ್ಪ ಸರಿ ಮಾಡಬಹುದು. ಅಷ್ಟು ಸಾಲದಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಬೇಕು. ಹಿಂದಿನ ಬೀಮ್‌ನಲ್ಲಿ ಹೊಂದಿಸಲು ಏನೂ ಇಲ್ಲ. ಫೆಂಡರ್ ಅಳತೆಯಲ್ಲಿ ಎಡ ಬಲಕ್ಕೆ 5 ಎಂಎಂಗಿಂತ ಹೆಚ್ಚು ವ್ಯತ್ಯಾಸ ಹೊಸದಾಗಿ ಬಂದಿದ್ದರೆ ಅಲೈನ್‌ಮೆಂಟ್ ಮಾಡಿಸುವ ಮೊದಲೇ ಸ್ಪ್ರಿಂಗ್ ಸೀಟಿನಲ್ಲಿ ಕೂತಿದೆಯಾ ನೋಡಿ. ಹೆಡ್‌ಲೈಟ್ ಎತ್ತರವನ್ನೂ ಸರಿ ಮಾಡಿಸಿ. ಇದನ್ನು ಓದುತ್ತಿರುವವರಲ್ಲಿ ಎಬಿಎಸ್ ಇಲ್ಲದ ಹಳೆಯ ಗಾಡಿಯವರಿದ್ದರೆ ಒಂದು ಎಚ್ಚರಿಕೆ: ಅವುಗಳಲ್ಲಿ ಕೆಲವಕ್ಕೆ ಹಿಂದಿನ ಆಕ್ಸಲ್‌ಗೆ ಕೊಂಡಿ ಹಾಕಿದ ಬ್ರೇಕ್ ವಾಲ್ವ್ ಇರುತ್ತದೆ. ಗಾಡಿ ಇಳಿದಾಗ ಅದು ಹಿಂದೆ ಭಾರ ತುಂಬಿದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರುತ್ತದೆ. ಅದನ್ನು ಹೊಂದಿಸದೆ ಓಡಿಸಲೇಬೇಡಿ.

ಪ್ರಶ್ನೆ ಕೇಳಿದವರು

35 ಎಂಎಂ ನಮ್ಮ ಹಂಪ್‌ಗಳಿಗೆ ಜಾಸ್ತಿ ಆಗುತ್ತಾ ಸರ್? ಪೊಲೀಸರ ತೊಂದರೆ ಏನಾದರೂ?

ಉತ್ತರ (ವೀಲ್ ಅಲೈನ್‌ಮೆಂಟ್ ಮಾಡುವವರು)

ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 163 ಎಂಎಂ. 35 ಹೋದರೆ 128 ಉಳಿಯುತ್ತದೆ, ಜನ ಕೂತರೆ ಅದಕ್ಕಿಂತ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್ 100 ಎಂಎಂ ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲವಿದ್ದಾಗ ಚಕ್ರಗಳೂ ಹಂಪ್ ಮೇಲೇ ಏರುತ್ತವೆ. ನಿಮ್ಮ 2,450 ಎಂಎಂ ವೀಲ್‌ಬೇಸ್‌ಗೆ ಲೆಕ್ಕ ಹಾಕಿದರೆ ನಡುಹೊಟ್ಟೆ ಕೆಳಗೆ ಅದು ಚಾಚುವುದು ಬರೀ 44 ಎಂಎಂ. ಆರಾಮಾಗಿ ದಾಟುತ್ತದೆ. ತೊಂದರೆ ಇರೋದು ಬಡಾವಣೆಯವರೇ ಹಾಕಿಕೊಂಡ ಗಿಡ್ಡ ಅಗಲದ ಹಂಪ್‌ಗಳದ್ದು. ಅಲ್ಲಿ ಎರಡು ಚಕ್ರಗಳ ನಡುವೆ ಇಡೀ ಎತ್ತರ ಒಟ್ಟಿಗೆ ಬರುತ್ತದೆ. 120 ಎಂಎಂ ಹಂಪ್ ಸಿಕ್ಕರೆ ನಾಲ್ಕು ಜನ ಕೂತ ಗಾಡಿ ಹೊಟ್ಟೆ ಉಜ್ಜಿಕೊಂಡೇ ಹೋಗುತ್ತದೆ. ದಿನಾ ಓಡಾಡುವ ದಾರಿಯ ಹಂಪ್‌ಗಳಿಗೆ ಒಂದು ನೇರ ಮರದ ಪಟ್ಟಿ, ಒಂದು ಅಳತೆ ಟೇಪ್ ಹಿಡಿದು ಅಳೆದು ನೋಡಿ. 20–25 ಎಂಎಂ ಇಳಿಸುವ ಸೆಟ್ ಸಿಕ್ಕರೆ ಅದನ್ನೇ ಹಾಕಿ ಅಂತ ನನ್ನ ಮಾತು.

ಕಾನೂನಿನ ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಅನುಮತಿಯಿಲ್ಲದ ಬದಲಾವಣೆಗೆ 182ಎ ಸೆಕ್ಷನ್ ಅಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸ್ಪ್ರಿಂಗ್‌ಗೆ ದುಡ್ಡು ಕಟ್ಟುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ.