ಟಸ್ಕೀಗಿ ಪೈಲಟ್‌ಗಳು: "ಒಂದೂ ಬಾಂಬರ್ ಕಳೆದುಕೊಳ್ಳಲಿಲ್ಲ" ಅನ್ನೋದು ನಿಜವಾ?

ದಾವಣಗೆರೆ ಮೇಷ್ಟ್ರು: ನಮ್ಮ ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಮಕ್ಕಳು ಟಸ್ಕೀಗಿ ಪೈಲಟ್‌ಗಳ ಬಗ್ಗೆ, ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಹಾರಿದ ಅಮೆರಿಕದ ಕಪ್ಪು ಪೈಲಟ್‌ಗಳ ಬಗ್ಗೆ ಫಲಕ ಮಾಡ್ತಿದ್ದಾರೆ. ಥರ್ಮೋಕೋಲ್ ಪಿ-40 ಯುದ್ಧವಿಮಾನ, ಬಾಲಕ್ಕೆ ಕೆಂಪು ಬಣ್ಣ, ಕೆಳಗೆ "ಬೆಂಗಾವಲಿನಲ್ಲಿ ಒಂದೂ ಬಾಂಬರ್ ಕಳೆದುಕೊಳ್ಳಲಿಲ್ಲ" ಅನ್ನೋ ಸಾಲು. ಸರಿಯಿದೆಯಾ? ಬರ್ಲಿನ್‌ವರೆಗೆ ಇಂಧನ ಹೇಗೆ ಸಾಲ್ತಿತ್ತು?

ದುರ್ಗದ ಕೋಟೆ: ವಿಮಾನ, ಸಾಲು ಎರಡೂ ತಿದ್ದಬೇಕು ಸರ್. ಈ ಪೈಲಟ್‌ಗಳ 99ನೇ ಸ್ಕ್ವಾಡ್ರನ್ (ತುಕಡಿ) 1943ರ ಜೂನ್‌ನಲ್ಲಿ ಯುದ್ಧಕ್ಕೆ ಇಳಿದಾಗ ಹಾರಿಸಿದ್ದು ಪಿ-40, ಆದರೆ ಅದಕ್ಕೆ ಕೆಂಪು ಬಾಲ ಇರಲಿಲ್ಲ. ಆ ಬಣ್ಣ ಬಂದದ್ದು 1944ರಲ್ಲಿ, ಇವರದೇ 332ನೇ ಫೈಟರ್ ಗ್ರೂಪಿನ (ಹಲವು ಸ್ಕ್ವಾಡ್ರನ್ ಸೇರಿದ ಪಡೆ) ಪಿ-47, ಆಮೇಲೆ ಪಿ-51ರ ಮೇಲೆ. ಕೆಂಪು ಬೇಕಂದ್ರೆ ಪಿ-51 ಮಾಡಿಸಿ.

ಇನ್ನು ಆ ಸಾಲು. 1945ರ ಮಾರ್ಚ್‌ನಲ್ಲೇ ಪತ್ರಿಕೆಯಲ್ಲಿ ಬಂದು ಹಬ್ಬಿತು. ವಾಯುಪಡೆಯ ಇತಿಹಾಸಕಾರ ಡೇನಿಯಲ್ ಹಾಲ್ಮನ್ ದಾಖಲೆಗಳನ್ನು ತಾಳೆ ಹಾಕಿದಾಗ, ಇವರ ಬೆಂಗಾವಲಿನಲ್ಲಿದ್ದಾಗಲೇ ಶತ್ರು ವಿಮಾನಗಳು ಬೀಳಿಸಿದ 27 ಬಾಂಬರ್ ಲೆಕ್ಕಕ್ಕೆ ಸಿಕ್ಕವು. ಅದರಲ್ಲಿ 15 ಒಂದೇ ದಿನ, 1944ರ ಜುಲೈ 18ರಂದು, ಜರ್ಮನಿಯ ಮೆಮ್ಮಿಂಗನ್ ದಾಳಿಯಲ್ಲಿ. ಇವರಿದ್ದ, ಇಟಲಿಯಿಂದ ಹಾರುತ್ತಿದ್ದ ಅಮೆರಿಕದ 15ನೇ ವಾಯುಪಡೆಯ ಬೇರೆ ಫೈಟರ್ ಗ್ರೂಪುಗಳು ಸರಾಸರಿ 46 ಬಾಂಬರ್ ಕಳೆದುಕೊಂಡಿದ್ದವು. ಅದನ್ನೇ ಬರೆಯಿರಿ, ಸುಳ್ಳು ಸಾಲಿಗಿಂತ ತೂಕ ಜಾಸ್ತಿ.

ರೆಕ್ಕೆಪುಕ್ಕ: ಇಂಧನದ ಲೆಕ್ಕ: ಪಿ-51ರ ಎರಡೂ ರೆಕ್ಕೆಯಲ್ಲಿ ತಲಾ 92 ಗ್ಯಾಲನ್, ಪೈಲಟ್ ಬೆನ್ನ ಹಿಂದೆ 85. ಅಂದ್ರೆ ಒಳಗೇ ಸಾವಿರ ಲೀಟರ್. ಜೊತೆಗೆ ರೆಕ್ಕೆಯಡಿ ಎರಡು ಡ್ರಾಪ್ ಟ್ಯಾಂಕ್ (ಬೇಕಾದಾಗ ಕಳಚಿ ಬೀಳಿಸಬಹುದಾದ ಹೆಚ್ಚುವರಿ ಟ್ಯಾಂಕ್). ಬೆನ್ನ ಹಿಂದಿನ ಟ್ಯಾಂಕ್ ತುಂಬಿದ್ದರೆ ಭಾರ ಹಿಂದಕ್ಕೆ ವಾಲಿ, ಬಿರುಸಾಗಿ ತಿರುಗಿಸಿದಾಗ ವಿಮಾನ ಹಿಡಿತಕ್ಕೆ ಸಿಗಲ್ಲ. ಅದಕ್ಕೇ ಮೇಲೇರಿದ ಕೂಡಲೇ ಅದನ್ನ ಮುಕ್ಕಾಲು ಖಾಲಿ ಮಾಡಿ, ಆಮೇಲೆ ಡ್ರಾಪ್ ಟ್ಯಾಂಕ್; ಶತ್ರು ಕಂಡರೆ ಅವನ್ನ ಕಳಚಿ ಬಿಡೋದು. 1945ರ ಮಾರ್ಚ್ 24ರ ಬರ್ಲಿನ್ ದಾಳಿ ಹೋಗಿ ಬರೋಕೆ ಸುಮಾರು 2,500 ಕಿ.ಮೀ., ದಾವಣಗೆರೆ–ಬೆಂಗಳೂರು ಐದು ಸಲ ಹೋಗಿಬಂದಷ್ಟು. ಆ ದಿನ ಮೂರು ಜೆಟ್ ವಿಮಾನ ಬೀಳಿಸಿದರು.

ದುರ್ಗದ ಕೋಟೆ: ಬರೀ ಕಾಳಗ ಹಾಕಿ ಬಿಡಬೇಡಿ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫ್ರೀಮನ್ ಫೀಲ್ಡ್ ವಾಯುನೆಲೆಯಲ್ಲಿ ಬಿಳಿಯರಿಗೊಂದು, ಕರಿಯರಿಗೊಂದು ಆಫೀಸರ್ ಕ್ಲಬ್ ಅನ್ನೋ ಆದೇಶಕ್ಕೆ ಸಹಿ ಹಾಕಲ್ಲ ಅಂದ 101 ಕಪ್ಪು ಅಧಿಕಾರಿಗಳನ್ನ ಬಂಧಿಸಿದರು. ಸೇನೆಯಲ್ಲಿನ ವರ್ಣಭೇದ ತೆಗೆಯೋಕೆ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರ ಜುಲೈ 26ಕ್ಕೆ.

ರೆಕ್ಕೆಪುಕ್ಕ: ಮೇಷ್ಟ್ರೇ, ಥರ್ಮೋಕೋಲ್‌ಗೆ ಸ್ಪ್ರೇ ಪೇಂಟ್ ಬೇಡ, ಅದರಲ್ಲಿರೋ ದ್ರಾವಕಕ್ಕೆ ಕರಗಿ ಹೋಗುತ್ತೆ. ಫೆವಿಕಾಲ್ ಒಂದು ಕೋಟ್ ಹಚ್ಚಿ, ಒಣಗಿದ ಮೇಲೆ ಪೋಸ್ಟರ್ ಕಲರ್ ಬಳಿಯಿರಿ. ಮೂತಿಯ ತುದಿಗೂ ಕೆಂಪು ಮರೀಬೇಡಿ.