ಲೈಫ್ ಸೈನ್ಸ್ ಬ್ಯಾಚ್, ಮಂಗಳೂರು: ಬಾಳೆಹಣ್ಣಿನ ಡಿಎನ್‌ಎ ಫಾರ್ವರ್ಡ್

ರೇಷ್ಮಾ: (ಫಾರ್ವರ್ಡ್) "ಮನೆಯಲ್ಲೇ ವರ್ಣತಂತು (ಕ್ರೋಮೋಸೋಮ್) ನೋಡಿ! ಬಾಳೆಹಣ್ಣನ್ನು ಮಿಕ್ಸಿಯಲ್ಲಿ 5 ನಿಮಿಷ ತಿರುಗಿಸಿ, ಸೋಪು ನೀರು ಸೇರಿಸಿ ಕುದಿಸಿ, ಸ್ಯಾನಿಟೈಸರ್ ಹಾಕಿ. ಮೇಲೆ ಬರುವ ಬಿಳಿ ದಾರವೇ ವರ್ಣತಂತು."
ಉಡುಪಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದು ಆದೀತಾ?

ಗಣೇಶ: ಬೇಡ ಮಾರಾಯ್ತಿ. ವರ್ಣತಂತು ಅಂದ್ರೆ ಹಿಸ್ಟೋನ್ ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ. ಸೋಪು ಬಿದ್ದ ಮೇಲೆ ಆ ಜೋಡಣೆ ಉಳಿಯುದಿಲ್ಲ. ಕ್ಯಾವೆಂಡಿಶ್ ಬಾಳೆಯ ಒಂದು ಕೋಶದಲ್ಲಿ 33 ವರ್ಣತಂತು ಉಂಟು, ಆ ದಾರದಲ್ಲಿ ಒಂದನ್ನೂ ಗುರುತಿಸ್ಲಿಕ್ಕೆ ಆಗುದಿಲ್ಲ.

ನವೀನ: ಮಕ್ಕಳಿಗೆ ಅಷ್ಟೆಲ್ಲ ಎಂತಕ್ಕೆ? ದಾರ ಕಂಡ್ರೆ ಕುತೂಹಲ ಹುಟ್ಟುತ್ತದೆ.

ಗಣೇಶ: ಈ ಕ್ರಮದಲ್ಲಿ ದಾರವೇ ಸರಿಯಾಗಿ ಬರುದಿಲ್ಲ ಮಾರಾಯ. ಮಿಕ್ಸಿಯಲ್ಲಿ ಡಿಎನ್‌ಎಯ ಉದ್ದದ ಅಣುಗಳು ತುಂಡಾಗ್ತವೆ. ಉಪ್ಪಿಲ್ಲದೆ ಕುದಿಸಿದ್ರೆ ಅದರ ಎರಡು ಎಳೆಗಳೂ ಬಿಟ್ಟುಕೊಳ್ತವೆ. ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಸುಮಾರು 70%, ರಸದ ನೀರು ಸೇರಿದ್ರೆ ಇನ್ನೂ ಕಡಿಮೆ, ಡಿಎನ್‌ಎ ಹೊರಬರ್ಲಿಕ್ಕೆ ಸಾಲುದಿಲ್ಲ.

ಶಬಾನಾ: ಬಿಸಿಯೇ ಬೇಡ ಅಂತಲ್ಲ. 60 ಡಿಗ್ರಿ ನೀರಿನಲ್ಲಿ 10 ನಿಮಿಷ ಇಟ್ರೆ ಡಿಎನ್‌ಎ ಕತ್ತರಿಸುವ ಕಿಣ್ವಗಳ ಕೆಲಸ ಕುಗ್ತದೆ. ಕೂಡಲೇ ಐಸಿನಲ್ಲಿಡಬೇಕು.

ರೇಷ್ಮಾ: ಹಾಗಾದ್ರೆ ಸರಿಯಾದ ಕ್ರಮ ಹೇಳಿ.

ಶಬಾನಾ: ಕಳಿತ ಹಣ್ಣು ಅರ್ಧ, ಕವರಿನಲ್ಲಿ ಕೈಯಿಂದ ಹಿಸುಕು. 100 ಮಿ.ಲೀ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 2 ಚಮಚ, ಉಪ್ಪು ಅರ್ಧ ಚಮಚ. ಸೋಪು ಕೋಶದ ಪೊರೆಯನ್ನೂ ನ್ಯೂಕ್ಲಿಯಸ್ಸಿನ ಪೊರೆಯನ್ನೂ ಒಡೀತದೆ, ಎರಡೂ ಕೊಬ್ಬಿನದ್ದೇ. ಡಿಎನ್‌ಎಯಲ್ಲಿರುವ ಫಾಸ್ಫೇಟಿನ ಋಣ ಆವೇಶ ಅಣುಗಳನ್ನು ದೂರ ತಳ್ತದೆ, ಉಪ್ಪಿನ ಸೋಡಿಯಂ ಅದನ್ನು ತಗ್ಗಿಸ್ತದೆ. ಅದಿಲ್ಲದಿದ್ರೆ ಆಲ್ಕೋಹಾಲಿನಲ್ಲಿ ಗುಂಪು ಕಟ್ಟುದಿಲ್ಲ. ಹಣ್ಣಿಗೆ ಇದನ್ನು ಸೇರಿಸಿ ನೊರೆ ಬರದ ಹಾಗೆ ಕಲಕಿ, ಆಗ ಹೇಳಿದ ಹಾಗೆ ಬಿಸಿ ಮಾಡಿ ಐಸಿನಲ್ಲಿಟ್ಟು, ಸೋಸಿ. ರಸದ ಎರಡರಷ್ಟು 95% ಎಥನಾಲ್, ಫ್ರೀಜರಿನಲ್ಲಿಟ್ಟದ್ದು, ಲೋಟದ ಬದಿಯಿಂದ ನಿಧಾನ ಬಿಡು. ಹತ್ತಿರ ಬೆಂಕಿ ಬೇಡ.

ನವೀನ: ಹೀಗೆ ಮಾಡಿದ್ರೆ ಬಂತಲ್ಲ ದಾರ! ಅದು ಡಿಎನ್‌ಎ ತಾನೇ?

ಗ್ಲಾಡಿಸ್: ಪೂರ್ತಿ ಅಲ್ಲ ನವೀನ. ಆರ್‌ಎನ್‌ಎ, ಪ್ರೋಟೀನ್, ಮುಖ್ಯವಾಗಿ ಬಾಳೆಯ ಪೆಕ್ಟಿನ್ (ಹಣ್ಣಿನ ಅಂಟು ಪದಾರ್ಥ) ಅದರೊಟ್ಟಿಗೆ ಇರ್ತದೆ. ಒಂದು ಡಿಎನ್‌ಎ ಅಣುವಿನ ಅಗಲ ಬರೀ 2 ನ್ಯಾನೋಮೀಟರ್, ಕಣ್ಣಿಗೆ ಕಾಣುದೇ ಇಲ್ಲ. ಸೋಪು ಹಾಕದ ರಸ ಪಕ್ಕದ ಲೋಟದಲ್ಲಿಡಿ. ಅದರಲ್ಲೂ ಲೋಳೆ ಬಂದ್ರೆ ಹೆಚ್ಚಿನದ್ದು ಪೆಕ್ಟಿನ್. ಮೈಟೋಕಾಂಡ್ರಿಯದ (ಕೋಶಕ್ಕೆ ಶಕ್ತಿ ಕೊಡುವ ಭಾಗ) ಡಿಎನ್‌ಎ ಕೂಡ ದಾರದಲ್ಲಿ ಸೇರಿರ್ತದೆ, "ನ್ಯೂಕ್ಲಿಯಸ್ಸಿನದ್ದು ಮಾತ್ರ" ಅಂತ ಬರೀಬೇಡಿ.

ನವೀನ: ಹೀಗೆಲ್ಲ ಬರೆದ್ರೆ ಬೋರ್ಡ್ ಓದುವವರು ಯಾರು?

ಗಣೇಶ: ಒಂದೇ ಸಾಲು ಸಾಕು: "ಡಿಎನ್‌ಎ ಇರುವ ಲೋಳೆ." ಸುಳ್ಳಿಲ್ಲ, ಉದ್ದವೂ ಇಲ್ಲ. ವರ್ಣತಂತುವೇ ಬೇಕಿದ್ರೆ ನೀರುಳ್ಳಿ ಬೇರಿನ ತುದಿ ತೆಗೆದು, 3 ಪಾಲು ಎಥನಾಲ್, 1 ಪಾಲು ಅಸಿಟಿಕ್ ಆಮ್ಲದಲ್ಲಿ 24 ಗಂಟೆ ಇಟ್ಟು, ಅಸಿಟೋಕಾರ್ಮೈನ್ ಬಣ್ಣ ಹಚ್ಚಿ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿ. ವಿಭಜನೆ ಆಗ್ತಿರುವ ಕೋಶ ಸಿಕ್ಕಿದ್ರೆ 16 ಎಣಿಸ್ಬಹುದು.

ರೇಷ್ಮಾ: ಎರಡೂ ಇಡ್ತೇನೆ. ಫಾರ್ವರ್ಡ್ ಡಿಲೀಟ್ ಮಾಡಿದೆ.